ಸಖೀರ್‌ನಲ್ಲಿ ಚೀನಾ ವಿಮಾನದ ಮೂತಿ ಮುಟ್ಟಿದ್ದು

ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿಸಿ, ಚಿತ್ರಾನ್ನ ಡಬ್ಬಿಗೆ ತುಂಬಿಕೊಂಡು ಮನಾಮಾದ ಉಮ್ ಅಲ್ ಹಸ್ಸಮ್ ಬಡಾವಣೆಯ ನಮ್ಮ ಮನೆಯಿಂದ ಹೊರಟೆವು. ಸಖೀರ್‌ನ ವಿಮಾನ ಪ್ರದರ್ಶನಕ್ಕೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಜನವರಿಯಾದ್ದರಿಂದ ಬಿಸಿಲು ಹಿತವಾಗಿತ್ತು, ಧೂಳು ಎದ್ದಿರಲಿಲ್ಲ. ಈ ಮರಳುಗಾಡಿನಲ್ಲಿ ಅಷ್ಟು ಸಿಕ್ಕರೆ ದೇವರ ದಯೆಯೇ.

ಮಗಳು ಅನಘಾ ಹತ್ತನೇ ತರಗತಿ. ಸೈನ್ಸ್ ತೆಗೆದುಕೊಂಡು ಮುಂದೆ ವಿಮಾನಗಳ ವಿನ್ಯಾಸ ಓದಬೇಕೆಂದು ಅವಳ ಆಸೆ. ಹೊಸಬರ ಎದುರು ಬಾಯಿ ಬಿಡದವಳಿಗೆ ಕಾಮರ್ಸೇ ಸರಿ ಎಂದು ನಮ್ಮವರ ಹಟ.

“ಇವತ್ತು ಅಲ್ಲಿ ಯಾರನ್ನಾದ್ರೂ ನೀನೇ ಒಂದು ಪ್ರಶ್ನೆ ಕೇಳು. ಕೇಳಿದ್ರೆ ಸೈನ್ಸ್. ಇಲ್ದಿದ್ರೆ ಕಾಮರ್ಸ್,” ಅಂದರು ಸ್ಟಿಯರಿಂಗ್ ಹಿಡಿದುಕೊಂಡೇ.

“ರಜದ ದಿನಾನೂ ಮಗೂಗೆ ಪರೀಕ್ಷೆ ಇಡ್ತೀರಲ್ರೀ,” ಅಂದೆ. ನಾನು ಮನಸ್ಸಿನಲ್ಲೇ ರಾಯರಿಗೆ ಹೇಳಿಕೊಂಡೆ.

ಕಾರು ದೂರ ನಿಲ್ಲಿಸಿ, ಪ್ರದರ್ಶನದವರದೇ ಬಸ್ಸಿನಲ್ಲಿ ಒಳಗೆ ಹೋದೆವು. ಅನಘಾ ಒಂದೊಂದು ಮಳಿಗೆಯ ಹತ್ತಿರ ಹೋಗುವಳು, ಅಲ್ಲಿದ್ದವರು ತಿರುಗಿ ನೋಡಿದೊಡನೆ ನನ್ನ ಸೆರಗಿನ ಹಿಂದೆ ಬರುವಳು. ಮಧ್ಯಾಹ್ನ ನೆರಳಲ್ಲಿ ಕೂತು ಚಿತ್ರಾನ್ನ ತಿಂದೆವು. ಅವಳ ಪಾಲು ಹಾಗೇ ಉಳಿಯಿತು.

ಊಟವಾದ ಮೇಲೆ ಚೀನಾದವರ ಮಳಿಗೆಗೆ ಹೋದೆವು. ಮೇಜಿನ ಮೇಲೆ ಯುದ್ಧವಿಮಾನದ ಮೊಳದುದ್ದದ ಮಾದರಿ. ಹಿಂದೆ ತ್ರಿಕೋನದ ದೊಡ್ಡ ರೆಕ್ಕೆ, ಮೂತಿಯ ಬಳಿ ಎರಡು ಪುಟ್ಟ ರೆಕ್ಕೆ, ಹೊಟ್ಟೆಯಡಿ ಗಾಳಿ ಹೋಗುವ ಬಾಯಿ. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಹೊಸ ಗಾಡಿ ಕಂಡಾಗ ಮಾಡುವ ಹಾಗೆ ನನ್ನ ಕೈ ತಾನಾಗಿ ಅದರ ಮೂತಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು.

“ಮ್ಯಾಡಮ್, ನೋ ಟಚ್,” ಅಂತ ಕಾವಲುಗಾರ ಓಡಿ ಬಂದ.

“ಏನೇ ಇದು, ಗುಡಿ ಅನ್ಕೊಂಡ್ಯಾ?” ಅಂತ ನಮ್ಮವರು ಪಿಸುಗುಟ್ಟಿದರು.

ಮಳಿಗೆಯ ಚೀನೀ ಹೆಂಗಸು ಎದ್ದು ಬಂದು, ಹಾಗೇಕೆ ಮಾಡಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಮ್ಮವರು “ಹ್ಯಾಬಿಟ್, ಹ್ಯಾಬಿಟ್” ಅಂದು ಅಲ್ಲಿಗೇ ನಿಂತರು. ಆಗ ನನ್ನ ಬೆನ್ನ ಹಿಂದಿನಿಂದ ಅನಘಾ ಮುಂದೆ ಬಂದಳು. ಅಮ್ಮನ ತಪ್ಪಲ್ಲ, ನಮ್ಮ ಜನ ಪುಸ್ತಕವನ್ನೂ ಯಂತ್ರವನ್ನೂ ಹೀಗೇ ಕಣ್ಣಿಗೆ ಒತ್ತಿಕೊಳ್ಳುತ್ತಾರೆ ಎಂದಳು. ಆಯುಧವನ್ನೂ ಏನು, ಎಂದಳು ಆಕೆ. ಅವಕ್ಕೂ ವರ್ಷಕ್ಕೊಮ್ಮೆ ಪೂಜೆ ಇದೆ, ಆವತ್ತು ಅವಕ್ಕೆ ಕೆಲಸ ಕೊಡುವುದಿಲ್ಲ ಎಂದಳು ನನ್ನ ಮಗಳು. ಆಕೆ ಬಾಯಿ ತುಂಬ ನಕ್ಕಳು.

ನಗು ಕಂಡ ಧೈರ್ಯಕ್ಕೇ ಇರಬೇಕು, ಅನಘಾ ಆ ಗಾಳಿಬಾಯಿಯ ಕಡೆ ಬಗ್ಗಿ ಕೇಳಿಯೇ ಬಿಟ್ಟಳು: ಹಳೆಯ ಮಾದರಿಯಲ್ಲಿ ಈ ಬಾಯಿಗೂ ಮೈಗೂ ನಡುವೆ ಸಂದು ಇತ್ತಲ್ಲ, ಈಗೇಕೆ ಉಬ್ಬು ಮಾಡಿದ್ದೀರಿ?

ಆಕೆ ಕುರ್ಚಿ ಎಳೆದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದಳು. ವಿಮಾನದ ಮೈಗೆ ಅಂಟಿಕೊಂಡು ಬರುವ ಗಾಳಿ ನಿಧಾನ, ಅದು ಎಂಜಿನ್ನಿಗೆ ಹೋದರೆ ತೊಂದರೆ. ಉಬ್ಬು ಅದನ್ನು ಪಕ್ಕಕ್ಕೆ ತಳ್ಳುತ್ತದೆ, ತೂಕವೂ ಉಳಿಯುತ್ತದೆ. ಮುಂದಿನ ಪುಟ್ಟ ರೆಕ್ಕೆಗಳಿಂದ ಮೂತಿ ಬೇಗ ಏಳುತ್ತದೆ, ಆದರೆ ವಿಮಾನ ತಾನಾಗಿ ಸ್ಥಿರ ನಿಲ್ಲದು, ಗಣಕಯಂತ್ರ ಕ್ಷಣಕ್ಷಣಕ್ಕೂ ತಿದ್ದುತ್ತಿರಬೇಕು. ಇನ್ನೂ ಹೊಸ ವಿಮಾನದಲ್ಲಿ ರಾಡಾರಿಗೆ ಸುಲಭಕ್ಕೆ ಸಿಗದಿರಲೆಂದು ಕ್ಷಿಪಣಿಗಳನ್ನು ಹೊಟ್ಟೆಯೊಳಗೇ ಅಡಗಿಸುತ್ತಾರಂತೆ. ಅವು ಯಾರ ಮೇಲೂ ಬೀಳದಿರಲಿ ಎಂದು ನಾನು ಕೈ ಮುಗಿದೆ. ಆಮೇಲೆ ಅನಘಾ ಎಷ್ಟು ಕೇಳಿದಳೋ. ಹೊರಗೆ ಆಕಾಶ ಹರಿದುಹೋಗುವ ಹಾಗೆ ವಿಮಾನಗಳು ಹಾರುತ್ತಿದ್ದರೂ ಅವಳು ತಲೆ ಎತ್ತಲಿಲ್ಲ.

“ಒಂದು ಪ್ರಶ್ನೆ ಅಂದಿದ್ದೆ ಕಣೆ,” ಅಂದರು ನಮ್ಮವರು ನನಗೆ. “ಮುಗಿಯೋ ಹಾಗೇ ಕಾಣ್ತಿಲ್ಲ.”

“ಹೋಗಿ ನಿಲ್ಸಿ ನೋಡೋಣ,” ಅಂದೆ. ಅವರು ಹೋಗಲಿಲ್ಲ.

ಸಂಜೆ ಮನಾಮಾ ಕಡೆಯ ರಸ್ತೆಗೆ ಬಂದ ಮೇಲೆ ಅವರೇ ಬಾಯಿ ತೆರೆದರು. “ಸರಿ, ಸೈನ್ಸೇ ತಗೋ. ಆ ಉಬ್ಬಿನ ವಿಷಯ ನಂಗೆ ಇನ್ನೊಂದ್ಸಲ ಹೇಳು, ಅರ್ಥ ಆಗ್ಲಿಲ್ಲ.”

ಸಖೀರ್‌ನ ಆಕಾಶವನ್ನು ಕೊನೆಗೊಮ್ಮೆ ನೋಡೋಣವೆಂದು ಹಿಂದೆ ತಿರುಗಿದೆ. ಮಗಳು ಅಡ್ಡವಾಗಿ ಏನೂ ಕಾಣಲಿಲ್ಲ. ಅವಳು ಎರಡು ಸೀಟುಗಳ ನಡುವೆ ಮುಂದಕ್ಕೆ ಬಾಗಿ, ಮುಷ್ಟಿಯನ್ನು ಉಬ್ಬು ಮಾಡಿ, ಇನ್ನೊಂದು ಅಂಗೈಯನ್ನು ಗಾಳಿ ಮಾಡಿ ಅಪ್ಪನಿಗೆ ಪಾಠ ಹೇಳುತ್ತಿದ್ದಳು.