ಉಡಿಯೊಳಗಿನ ಸಾಬೂನು

ಕುಷ್ಟಗಿಯಲ್ಲಿ ನಾನು ಜಂಪರು ಹೊಲಿಯುತ್ತೇನೆ. ಕೈಗಿಂತ ಬಾಯಿ ಚುರುಕು ಅಂತ ನನ್ನ ಗಂಡ ಛೇಡಿಸುತ್ತಾನೆ. ಗಿಣಿಗೇರಾದ ಕಾರ್ಖಾನೆಯಲ್ಲಿ ವಾರವಿಡೀ ಯಂತ್ರದ ಸದ್ದು ಕೇಳಿ, ರಜೆಗೆ ಮನೆಗೆ ಬಂದರೆ ಮತ್ತೆ ನನ್ನ ಸದ್ದು ಕೇಳಬೇಕಲ್ಲ, ಅವನಿಗೂ ಸಾಕಾಗಿರಬೇಕು. ಆ ಬಾಯಿಯನ್ನು ನಂಬಿಯೇ ನಾನು ನೆಟ್‌ವರ್ಕ್ ಧಂದೆಗೆ ಸೇರಿದ್ದು. ಸಾಬೂನು, ಬಟ್ಟೆ ತೊಳೆಯುವ ಪುಡಿ, ತಲೆಗೆ ಹಚ್ಚುವ ಎಣ್ಣೆ ಇವನ್ನು ಗುರುತಿನವರಿಗೆ ಮಾರಬೇಕು. ಕೊಂಡವರನ್ನೂ ನಮ್ಮ ಕೈಕೆಳಗೆ ಸೇರಿಸಬೇಕು. ಅವರು ಮಾರಿದರೆ ಅದರಲ್ಲಿ ನಮಗೂ ಒಂದು ಪಾಲು.

ನನ್ನನ್ನು ಸೇರಿಸಿದವನು ಕೊಪ್ಪಳದ ಒಂದು ಕಲ್ಯಾಣ ಮಂಟಪದಲ್ಲಿ ಸಿಕ್ಕ. ಬೇಸಿಗೆಯಲ್ಲೂ ಕೋಟು ತೊಟ್ಟಿದ್ದ. ವೇದಿಕೆಯ ಮೇಲಿಂದ, "ಸೇರಿಸಿದವರ ನಿಮಗ ಗುರು ಇದ್ದಾಂಗ. ಅಂಜಬ್ಯಾಡ್ರಿ, ನಾ ನಿಮ್ಮ ಹಿಂದ ಅದೀನಿ" ಅಂದ. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಕೆಳಗಿಳಿದು ಬಂದವನು ಒಂದು ಹಾಳೆ ಕೊಟ್ಟು ನೂರು ಹೆಸರು ಬರೆಯಲು ಹೇಳಿದ. "ಮೊದಲು ನಿಮ್ಮ ಬೀಗರು ಬಿಜ್ಜರ ಮನಿಗೆ ಹೋಗ್ರಿ, ಅವ್ರು ಒಲ್ಲೆ ಅನ್ನಂಗಿಲ್ಲ." ಅವನು ಕಲಿಸಿದ್ದು ಅಷ್ಟೇ. ಆಮೇಲೆ ಫೋನು ಮಾಡಿದಾಗಲೆಲ್ಲ ಮೀಟಿಂಗಿನಲ್ಲಿರುತ್ತಿದ್ದ, ಕೊನೆಕೊನೆಗೆ ಫೋನು ಎತ್ತುವುದನ್ನೇ ಬಿಟ್ಟ.

ಆ ಹಾಳೆಯಲ್ಲಿ ನಾನು ಬರೆದ ಮೊದಲ ಹೆಸರು ತಾವರಗೇರಾದ ನನ್ನ ವೈನಿಯದು, ಅಂದರೆ ಅಣ್ಣನ ಹೆಂಡತಿಯದು. ಅವ್ವ ತೀರಿಕೊಂಡ ಮೇಲೆ ನನಗೆ ತವರು ಅಂದರೆ ಆಕೆಯೇ. ನಾಗರ ಪಂಚಮಿಗೆ ತಪ್ಪದೆ ಕರೆಯುತ್ತಿದ್ದಳು. ಉಂಡಿ ಕಟ್ಟಿ, ಜೋಕಾಲಿ ಹಾಕಿಸಿ, ತಿರುಗಿ ಬರುವಾಗ ಉಡಿ ತುಂಬಿ ಕಳಿಸುತ್ತಿದ್ದಳು.

ಅದೇ ಹೊತ್ತಿಗೆ ವೈನಿಯ ಸೊಸೆಯ ಸೀಮಂತದ ಕುಬಸ ಬಂತು. ಚೊಚ್ಚಲ ಬಸುರಿ, ಓಣಿಯ ಹೆಣ್ಣುಮಕ್ಕಳೆಲ್ಲ ನೆರೆದಿದ್ದರು. ಬಂದ ಮುತ್ತೈದೆಯರಿಗೆ ಉಡಿ ತುಂಬುವ ಕೆಲಸ ಮನೆಮಗಳಾದ ನನ್ನದು. ನಾನು ಏನು ಮಾಡಿದೆನೆಂದರೆ, ಅಕ್ಕಿ, ಕೊಬ್ಬರಿ, ಅರಿಶಿಣ ಬೇರಿನ ಜೊತೆಗೆ ಒಬ್ಬೊಬ್ಬರ ಸೆರಗಿಗೂ ಒಂದೊಂದು ಸಾಬೂನು ಹಾಕಿದೆ. ಬಸುರಿಯ ಉಡಿಗೆ ಎರಡು ಹಾಕಿದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೆ.

ಉಡಿಗೆ ಬಿದ್ದದ್ದನ್ನು ಯಾರೂ ಒಲ್ಲೆ ಅನ್ನುವ ಹಾಗಿಲ್ಲ, ಹೊರಳಿ ಕೊಡುವ ಹಾಗೂ ಇಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ, ಈಗ ಸುಳ್ಳು ಹೇಳುವುದಿಲ್ಲ. ವಾರ ಬಿಟ್ಟು ಧಂದೆಗೆ ಸೇರುವ ಫಾರಮ್ಮುಗಳನ್ನು ಹಿಡಿದುಕೊಂಡು ಅದೇ ಓಣಿಗೆ ಹೋದೆ. ನನ್ನ ಕೈಯಿಂದ ಉಡಿ ತುಂಬಿಸಿಕೊಂಡವರು ನನ್ನ ಮುಖ ನೋಡಿ ಇಲ್ಲ ಅನ್ನಲಾರದೆ ಸಹಿ ಹಾಕಿದರು. ಏಳು ಮನೆ. ಕೋಟಿನವನಿಗೆ ಫೋಟೋ ಕಳಿಸಿದೆ. ಫೋನು ಎತ್ತದಿದ್ದವನು ಹೆಬ್ಬೆರಳಿನ ಚಿತ್ರ ಮಾತ್ರ ಕೂಡಲೇ ಕಳಿಸಿದ.

ತಿಂಗಳು ತಿಂಗಳು ಸಾಮಾನು ಕೊಳ್ಳಬೇಕೆಂದು ಗೊತ್ತಾದಾಗ ಆ ಹೆಂಗಸರು ನನ್ನ ಹತ್ತಿರ ಬರಲಿಲ್ಲ, ವೈನಿಯ ಹತ್ತಿರ ಹೋದರು. ಬಾವಿಕಟ್ಟೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಆಕೆ ಮಾತು ಕೇಳಬೇಕಾಯಿತು. ಒಂದು ಮಧ್ಯಾಹ್ನ ಫೋನು ಮಾಡಿದಳು. ದನಿ ಏರಿಸಲಿಲ್ಲ.

"ಉಡ್ಯಾಗ ಅಕ್ಕಿ ಹಾಕ್ತಾರ ತಂಗಿ, ಗಾಳ ಹಾಕಂಗಿಲ್ಲ" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ತಪ್ಪು ಮಾಡಿದವರಿಗೇ ಸಿಟ್ಟು ಹೆಚ್ಚು. "ನಾ ಮುಂದ ಬರೋದು ನಿಮಗ ನೋಡಾಕ ಆಗವಲ್ದು" ಅಂದೆ. ಆಕೆ ಫೋನು ಇಟ್ಟಳು. ಆ ವರ್ಷ ಪಂಚಮಿಗೆ ಕರೆ ಬರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಚೀಲ ಹಿಡಿದು ತವರಿನ ಬಸ್ಸು ಹತ್ತುವಾಗ ನಾನು ಬಾಗಿಲು ಹಾಕಿಕೊಂಡು ಯಾರದೋ ಜಂಪರಿಗೆ ಗುಂಡಿ ಹಚ್ಚುತ್ತ ಕೂತಿದ್ದೆ. ಅತ್ತೆ, ಬಹಳ ಅತ್ತೆ.

ಫಾರಮ್ಮಿನ ಹಿಂಬದಿಯಲ್ಲಿ ಕೋಟಿನವನನ್ನು ಧಂದೆಗೆ ಸೇರಿಸಿದ್ದ ಮೇಲಿನವರ ಒಂದು ನಂಬರಿತ್ತು. ಬೈಯಲು ಒಬ್ಬರು ಬೇಕಾಗಿತ್ತು, ಅದಕ್ಕೇ ಹಚ್ಚಿದೆ. ಎತ್ತಿದವರು ಯಲಬುರ್ಗಾದ ಒಬ್ಬ ಹೆಣ್ಣುಮಗಳು. ನನ್ನ ಬೈಗುಳ ಮುಗಿಯುವವರೆಗೆ ಕೇಳಿ, "ಉಂಡಿಯೇನವಾ?" ಅಂದರು. ಇಲ್ಲ ಅಂದೆ. "ಉಣ್ಣು. ನಾಳೆ ಮುಂಜಾನಿ ಬಸ್ಸಿಗೆ ಬರ್ತೀನಿ." ಹೇಳಿದಂತೆ ಬಂದರು. ನಾನು ಅವರನ್ನು ಅಕ್ಕಾರು ಅಂತಲೇ ಕರೆದೆ, ಇವತ್ತಿಗೂ ಹಾಗೇ. ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು. ಗಂಡ ಎಂದೋ ತೀರಿಕೊಂಡಿದ್ದರು, ಹಣೆಯ ಮೇಲೆ ಬರೀ ವಿಭೂತಿ.

ನಾನು ಎಷ್ಟು ಮಾರಿದೆ, ಎಷ್ಟು ಮಂದಿಯನ್ನು ಸೇರಿಸಿದೆ ಎಂದು ಅಕ್ಕಾರು ಕೇಳಲಿಲ್ಲ. ಯಾರ ಮನೆಗೆ ಹೋಗಲು ಕಾಲು ಏಳುವುದಿಲ್ಲ ಎಂದು ಕೇಳಿದರು. ಉಡಿಯ ಸಂಗತಿ ಹೇಳಿದೆ.

"ಹಿಂಗ ಮಾಡಬಾರದಂತ ಯಾರೂ ಹೇಳಲಿಲ್ಲೇನು ನಿನಗ?"

"ಯಾರು ಹೇಳಬೇಕ್ರಿ?"

"ನಾ ಹೇಳಬೇಕಾಗಿತ್ತು" ಅಂದರು. "ಮೊದಲು ತಾವರಗೇರಾಕ್ಕ ಹೋಗೂಣು. ಧಂದೆ ಆಮ್ಯಾಗ. ಸಾಬೂನಿನ ಚೀಲ ತಗೋಬ್ಯಾಡ."

ಈಗ ನನ್ನ ಕೈಕೆಳಗೆ ನಾಲ್ವರಿದ್ದಾರೆ. ಶ್ರೀಮಂತಳಾಗಿಲ್ಲ, ಹೊಲಿಗೆ ಬಿಟ್ಟಿಲ್ಲ. ಆದರೆ ಹೊಸದಾಗಿ ಬಂದವಳ ಜೊತೆ ಮೊದಲ ಮೂರು ಮನೆಗೆ ನಾನೇ ಹೋಗುತ್ತೇನೆ, ಚೀಲವಿಲ್ಲದೆ. ಒಲ್ಲೆ ಅನ್ನಲು ಬಾಯಿ ಬಾರದ ಮನೆ ಯಾವುದು ಎಂದು ಕೇಳಿ, ಆ ಹೆಸರನ್ನು ಮೊದಲು ಹೊಡೆದು ಹಾಕಿಸುತ್ತೇನೆ. ಇದು ನಾನು ಕಂಡುಕೊಂಡದ್ದಲ್ಲ. ಆವತ್ತು ತಾವರಗೇರಾದ ಓಣಿಯಲ್ಲಿ ಅಕ್ಕಾರ ಹಿಂದೆ ನಡೆದು ಕಲಿತದ್ದು.

ಏಳೂ ಮನೆಗೆ ಹೋದೆವು. ಪ್ರತಿ ಬಾಗಿಲಲ್ಲೂ ಅಕ್ಕಾರು ಕೈಮುಗಿದು ಹೇಳಿದ್ದು ಒಂದೇ ಮಾತು. "ನಿಮಗ ಮನಸಿಲ್ಲಂದ್ರ ಹೆಸರು ತಗಸ್ತೀನ್ರಿ. ತಪ್ಪು ಈಕೀದಲ್ಲ. ಕೂಡಿಸಿಕೊಂಡು, ಕಲಿಸಲಾರದ ಬಿಟ್ಟವ್ರದು." ಐವರು ಹೆಸರು ತೆಗೆಸಿದರು. ಒಬ್ಬಾಕೆ ನನ್ನ ಮುಖಕ್ಕೇ ನಾಲ್ಕು ಮಾತು ಅಂದಳು. ತಿರುಗಿ ಅನ್ನಲು ಬಾಯಿ ತೆರೆದ ನನ್ನ ಮುಂಗೈಯನ್ನು ಅಕ್ಕಾರು ಮೆತ್ತಗೆ ಹಿಡಿದರು. ಆ ಹಿಡಿತ ಇಲ್ಲದಿದ್ದರೆ ನಾನು ಜಗಳಾಡಿ ಅಲ್ಲಿಂದಲೇ ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದೆ.

ಕೊನೆಗೆ ವೈನಿಯ ಮನೆ. ಬರ್ರಿ ಅಂದದ್ದು ಅಕ್ಕಾರಿಗೆ, ನನಗಲ್ಲ. ಚಾಪೆ ಹಾಸಿದಳು, ನೀರು ಕೊಟ್ಟಳು, ಚಹಾ ಮಾಡಿದಳು. ಅಕ್ಕಾರು ಅದೇ ಮಾತು ಹೇಳಿದರು. "ತಪ್ಪಾತು ವೈನಿ" ಅಂದೆ. ಆಕೆ ಖಾಲಿ ಬಟ್ಟಲುಗಳನ್ನು ತೆಗೆದುಕೊಂಡು ಒಳಗೆ ಹೋದಳು. ಹೊರಡಲು ಎದ್ದೆವು.

ಮೊದಲ ಸಲ ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು ಎಂಬುದು ವೈನಿಯ ರೂಢಿ. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ಬಂದವಳು ಅಕ್ಕಾರ ಹಣೆ ನೋಡಿ ಅಲ್ಲೇ ನಿಂತಳು. ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ. ಆ ಪದ್ಧತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನಗಾಗಿ ಏಳು ಬಾಗಿಲಲ್ಲಿ ತಲೆ ಬಾಗಿಸಿದ ಹೆಂಗಸು ಅಲ್ಲಿ ಬರಿಗೈಯಲ್ಲಿ ನಿಂತಿದ್ದರು. ವೈನಿ ತಾಟು ಹಿಡಿದು ತಲೆ ತಗ್ಗಿಸಿದ್ದಳು.

ಅಕ್ಕಾರು ಮಾತ್ರ ನಕ್ಕರು. "ನನ್ನ ಪಾಲು ಈಕೀ ಉಡಿಗೆ ಹಾಕ್ರಿ" ಅಂದು ನನ್ನನ್ನು ಮುಂದೆ ಮಾಡಿದರು.

ನಾನು ಸೆರಗೊಡ್ಡಿದೆ. ವೈನಿ ನನ್ನ ಮುಖ ನೋಡದೆ ಐದು ಸಲ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಇಟ್ಟಳು. "ಇದು ಅವರದು" ಅಂದಳು. ಮುಗಿಯಿತು ಅಂದುಕೊಂಡು ಸೆರಗು ಕಟ್ಟಲು ಹೋದೆ.

"ತಡಿ" ಅಂದಳು. ತಾಟಿನಲ್ಲಿ ಇನ್ನೂ ಅಕ್ಕಿ ಇತ್ತು. ಒಂದು, ಎರಡು, ಮೂರು ಎಂದು ಮತ್ತೆ ಐದು ಸಲ ಹಾಕಿ, ಆಗ ನನ್ನ ಮುಖ ನೋಡಿದಳು.

"ಇದು ನಿಂದು."