ಬ್ರೇಕಿಗೆ ಹಚ್ಚಿದ ಎಣ್ಣೆ

ಹೋಟೆಲ್ ಮಾಮನ ಎಡಗೈ ತುಂಬ ಕಪ್ಪು ಕೂದಲು. ಬಲಗೈ ಮಾತ್ರ ಮೊಣಕೈವರೆಗೆ ಬೋಳು. ಎಷ್ಟೋ ವರ್ಷ ದೋಸೆ ಕಾವಲಿಯ ಮೇಲೆ ಚಾಚಿದ ಕೈ ಅದು, ಬಿಸಿಗೆ ಬೆಂದು ಬೆಂದು ಕೂದಲು ಹುಟ್ಟುವುದನ್ನೇ ಬಿಟ್ಟಿತ್ತು. ಆ ಬೋಳು ಕೈಯಿಂದ ಅವರು ದೆಹಲಿಯ ರೋಹಿಣಿ ಬಡಾವಣೆಯಲ್ಲಿದ್ದ ತಮ್ಮ ಹೋಟೆಲಿನ ನೆಲಮಾಳಿಗೆಯ ಶಟರ್ ಎತ್ತಿದರೆ ಒಳಗೆ ಎಡಕ್ಕೆ ಹಿಟ್ಟು ರುಬ್ಬುವ ಗ್ರೈಂಡರುಗಳು, ಅಕ್ಕಿ ಮೂಟೆಗಳು. ಬಲಕ್ಕೆ ಎರಡು ಕಾರು. ಒಂದು ಕೆಂಪು ಬಣ್ಣದ ಇಟಲಿಯದು, ಇನ್ನೊಂದು ಬೂದು ಬಣ್ಣದ ಜರ್ಮನಿಯದು. ಆ ಎರಡನ್ನು ಮಾರಿದ್ದರೆ ಘಾಜಿಯಾಬಾದಿನಲ್ಲಿ ಒಂದು ಸಾಲು ಫ್ಲ್ಯಾಟೇ ಬರುತ್ತಿತ್ತು ಎಂದು ನನ್ನ ಅಪ್ಪ ಹೋದಾಗಲೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಅವರೇನೂ ನನ್ನ ಸೋದರಮಾವನಲ್ಲ. ಅಪ್ಪ ಕೇಂದ್ರದ ಸಚಿವಾಲಯವೊಂದರಲ್ಲಿ ಗುಮಾಸ್ತರು, ನಾವಿದ್ದದ್ದು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಭಾನುವಾರ ಕನ್ನಡ ಕೇಳಬೇಕೆನಿಸಿದರೆ ಅಪ್ಪ ನಮ್ಮನ್ನು ಅಷ್ಟು ದೂರ ರೋಹಿಣಿಗೆ ಕರೆದುಕೊಂಡು ಹೋಗುತ್ತಿದ್ದರು. ಉಡುಪಿ ಕಡೆಯಿಂದ ಬಂದು, ಬೇರೆಯವರ ಹೋಟೆಲಿನಲ್ಲಿ ದೋಸೆ ಹೊಯ್ದು, ಆಮೇಲೆ ಸ್ವಂತದ್ದು ಮಾಡಿಕೊಂಡವರು ಅವರು. ಊರಿನ ಕಡೆಯ ಬೇರೆ ಹೋಟೆಲಿನವರು ಜಾಗ ತೆಗೆದುಕೊಂಡರು, ಚಿನ್ನ ತೆಗೆದುಕೊಂಡರು. ಇವರು ಮಾತ್ರ ಐವತ್ತು ದಾಟಿದ ಮೇಲೆ ನೆಲಕ್ಕೆ ಅಂಟಿಕೊಂಡಂಥ ಕಾರು ತಂದು, ಹೊಟ್ಟೆಯನ್ನು ಒಳಗೆಳೆದುಕೊಂಡು, ಮೊದಲು ಕುಂಡೆ ಆಮೇಲೆ ಕಾಲು ಎಂಬ ಕ್ರಮದಲ್ಲಿ ಅದರೊಳಗೆ ಇಳಿಯುತ್ತಿದ್ದರು. ನೋಡಿದವರು ನಕ್ಕರೆ ತಾವೂ ನಗುತ್ತಿದ್ದರು.

ನನಗೆ ಹುಟ್ಟಿದಾಗಿನಿಂದ ಕಾಲಿಗೆ ಚಕ್ರ. ಕೂತಲ್ಲಿ ಕೂರಲಾರೆ, ಕ್ಯೂನಲ್ಲಿ ನಿಲ್ಲಲಾರೆ, ಮಾತನಾಡುವವರ ವಾಕ್ಯ ಮುಗಿಯುವ ಮೊದಲೇ ನಾನು ಮುಗಿಸಿಬಿಡುತ್ತೇನೆ. ಓದು ಮುಗಿಸಿ ಇಂಗ್ಲಿಷಿನ ಮೋಟಾರು ಪತ್ರಿಕೆಯೊಂದಕ್ಕೆ ಸೇರಿದೆ. ಸಂಪಾದಕರು ನನಗೆ ಕೊಟ್ಟದ್ದು ಸ್ಕೂಟರು, ಸೀಟು ಕವರು, ಹೆಲ್ಮೆಟ್ಟು. ರೇಸ್ ಟ್ರ್ಯಾಕಿನ ಮೇಲೆ ದೊಡ್ಡ ಕಾರುಗಳನ್ನು ಓಡಿಸಿ ಬರೆಯುವುದು ಗಂಡಸರ ಪಾಲು. ಮೂರು ವರ್ಷ ಕಾದೆ, ಜಗಳವಾಡಿದೆ, ಕೊನೆಗೆ ಹೋಟೆಲ್ ಮಾಮನ ಮುಂದೆ ಕೂತು ಅತ್ತೆ. ಅವರು ಒಂದು ಕಾಫಿ ತರಿಸಿ, "ಎರಡು ಕಾರು ನಮ್ಮಲ್ಲೇ ಉಂಟಲ್ಲ ಮಾರಾಯ್ತಿ. ಓಡಿಸು, ಬರಿ. ಅಳುದು ಎಂತಕ್ಕೆ?" ಎಂದರು. ಅಷ್ಟೇ. ಹೀಗೆ ಇಟಲಿಗೂ ಜರ್ಮನಿಗೂ ಹೋಲಿಕೆ ಮಾಡುವ ಕೆಲಸ ನನ್ನದಾಯಿತು.

ಗ್ರೇಟರ್ ನೋಯ್ಡಾದ ಟ್ರ್ಯಾಕಿಗೆ ಅವರು ತಿಂಗಳಿಗೊಮ್ಮೆ ಹೋಗುತ್ತಿದ್ದರು. ಅಲ್ಲಿ ಇಂಥ ಕಾರಿನವರದೇ ಒಂದು ಗುಂಪು: ಗುರುಗ್ರಾಮದ ಬಿಲ್ಡರುಗಳು, ಅವರ ಮಕ್ಕಳು, ಒಬ್ಬಿಬ್ಬರು ಡಾಕ್ಟರು. ಇಂಗ್ಲಿಷು ಬಾರದ, ಚಪ್ಪಲಿ ಹಾಕಿಕೊಂಡು ಬರುವ ಮಾಮನ ಮಾತಿಗೆ ಆ ಗುಂಪಿನಲ್ಲಿ ಭಾರೀ ಬೆಲೆ. ಯಾರಾದರೂ ಹೊಸ ಕಾರು ತಂದರೆ "ಅಂಕಲ್‌ಜಿ, ಜರಾ ದೇಖಿಯೇ" ಎಂದು ಇವರ ಹತ್ತಿರವೇ ಬರುತ್ತಿದ್ದರು. ಇವರು ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಪಿಟ್ಟಿನ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಕಾರು ಸುತ್ತು ಹೊಡೆಯುವ ಸದ್ದನ್ನಷ್ಟೇ ಕೇಳಿ ಹೇಳುತ್ತಿದ್ದರು. ಆ ಮರ್ಯಾದೆ ಅವರಿಗೆ ತಮ್ಮ ಹೋಟೆಲಿಗಿಂತ ದೊಡ್ಡದಾಗಿತ್ತು ಎಂದು ನನಗೆ ಗೊತ್ತು.

ಅವರ ಲೆಕ್ಕಾಚಾರವೆಲ್ಲ ಕಾವಲಿಯದ್ದೇ. ಮೊದಲ ಸುತ್ತಿನಲ್ಲಿ ಇಟಲಿಯದು ಜರ್ಮನಿಯದಕ್ಕಿಂತ ಒಂದೂವರೆ ಸೆಕೆಂಡು ಬೇಗ ಬಂತೆಂದು ನಾನು ಕುಣಿದರೆ, "ಮೊದಲ ದೋಸೆ ಕಾವಲಿಗೆ. ಅದನ್ನು ಗಿರಾಕಿಗೆ ಕೊಡ್ಲಿಕ್ಕುಂಟಾ? ಹೋಟೆಲು ಭರ್ತಿ ಇರುವಾಗ ಮಧ್ಯದಲ್ಲಿ ಹೊಯ್ದ ದೋಸೆ ತಿಂದು ನೋಡು. ಹೋಗು, ಹತ್ತು ಸುತ್ತು ಹಾಕು" ಎನ್ನುತ್ತಿದ್ದರು. ಅವರ ಮಾತೇ ನಿಜ. ಆರನೇ ಸುತ್ತಿಗೆ ಇಟಲಿಯದರ ಗೇರ್‌ಬಾಕ್ಸ್ ಬಿಸಿಯಾಗಿ ಮುನಿಸಿಕೊಂಡು ಕೂರುತ್ತಿತ್ತು; ಜರ್ಮನಿಯದು ಹತ್ತನೆಯದನ್ನೂ ಎರಡನೆಯದರಷ್ಟೇ ಸಮಯಕ್ಕೆ ಮುಗಿಸುತ್ತಿತ್ತು. ಅಷ್ಟಕ್ಕೂ ಬಿಡುತ್ತಿರಲಿಲ್ಲ. ರೋಹಿಣಿಯ ಸ್ಪೀಡ್ ಬ್ರೇಕರಿನ ಮೇಲೆ ಯಾವುದರ ಹೊಟ್ಟೆ ತಾಗುತ್ತದೆ, ಮೇ ತಿಂಗಳ ಟ್ರಾಫಿಕ್ಕಿನಲ್ಲಿ ಯಾವುದರ ಏಸಿ ಸೋಲುತ್ತದೆ, ಒಂದು ಕನ್ನಡಿ ಒಡೆದರೆ ಹೊಸದು ಬರಲು ಎಷ್ಟು ತಿಂಗಳು, ಎಲ್ಲ ಬರೆಯಬೇಕು. "ಓಡಿಸುದು ಒಂದು ಗಂಟೆ, ಸಾಕುದು ವರ್ಷ ಇಡೀ" ಎನ್ನುವರು. ನನಗೋ ತಾಳ್ಮೆಯಿಲ್ಲ. ಸುತ್ತಿನ ಸಮಯ ಕೊಟ್ಟು ಕೈ ತೊಳೆದುಕೊಳ್ಳೋಣವೆಂದು ಚಡಪಡಿಸುತ್ತಿದ್ದೆ.

ಹೋಲಿಕೆಯ ಕೊನೆಯ ಸುತ್ತಾಟ ಆಯುಧಪೂಜೆಯಾಗಿ ಮೂರನೇ ದಿನಕ್ಕೆ ನಿಗದಿಯಾಗಿತ್ತು. ಹೋಟೆಲಿನಲ್ಲಿ ಗ್ರೈಂಡರು, ಚೂರಿ, ತುರಿಮಣೆ, ಒಲೆಗಳ ಜೊತೆಗೆ ಎರಡು ಕಾರನ್ನೂ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆದಿದ್ದರು. ಇಟಲಿಯದರ ಬ್ರೇಕಿನ ತಟ್ಟೆಗಳು ಸೆರಾಮಿಕ್ಕಿನವು, ನೀರು ಬಿದ್ದರೂ ತುಕ್ಕು ಹಿಡಿಯುವುದಿಲ್ಲ. ಜರ್ಮನಿಯದರವು ಕಬ್ಬಿಣದವು; ತೊಳೆದ ಮರುದಿನವೇ ಮೇಲೆ ಕಂದು ತುಕ್ಕು ಕೂರುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ತಾನಾಗಿಯೇ ಹೋಗುತ್ತದೆ. ಆ ಕಾರನ್ನು ಟ್ರಕ್ಕಿನ ಮೇಲೆ ಹಗ್ಗ ಹಾಕಿ ಎಳೆದು ಹತ್ತಿಸಿ, ಒಮ್ಮೆಯೂ ಓಡಿಸದೆ ಹಾಗೆಯೇ ಟ್ರ್ಯಾಕಿನಲ್ಲಿ ಇಳಿಸಿದರು.

ಪಿಟ್ಟಿನಿಂದ ಹೊರಡುವ ಮುನ್ನ ನಿಧಾನಕ್ಕೆ ಹೋಗುತ್ತ ಎರಡು ಸಲ ಬ್ರೇಕ್ ಒತ್ತಿ ನೋಡಬೇಕು. ಯಾವ ಕಾರೇ ಇರಲಿ, ಯಾರೇ ಇರಲಿ, ಇದು ನಿಯಮ. ಅವತ್ತು ನಾನು ಒತ್ತಲಿಲ್ಲ. ಮೋಡ ಕವಿದಿತ್ತು, ಮಳೆ ಬಂದರೆ ಕೆಲಸ ಕೆಡುತ್ತದೆಂಬ ಅವಸರ. ಗೇರ್ ಹಾಕಿದವಳೇ ಹೊರಟೆ. ಮೊದಲ ತಿರುವಿನಲ್ಲಿ ಕಾಲಿಟ್ಟರೆ ಪೆಡಲು ಕಲ್ಲಿನ ಹಾಗೆ ಗಟ್ಟಿ, ಕಾರು ಮಾತ್ರ ನಿಲ್ಲುತ್ತಿಲ್ಲ. ಇನ್ನೂ ಒತ್ತಿದೆ. ಹಿಂದಿನ ಚಕ್ರಗಳು ಕಿರುಚಿದವು, ತಿರುವು ದಾಟಿ ಜಲ್ಲಿಯೊಳಗೆ ನುಗ್ಗಿ ನಿಂತೆ. ಮುಂದಿನ ಬಂಪರು ಹರಿದು ಹೋಯಿತು. ನನಗೆ ಗೀರು ಗಾಯವೂ ಇಲ್ಲ.

ಕಾರನ್ನು ಎಳೆದು ತಂದಾಗ ಪಿಟ್ಟಿನ ತುಂಬ ಕೊಬ್ಬರಿ ಎಣ್ಣೆ ಸುಟ್ಟ ವಾಸನೆ. ಮಾಮ ಮಂಡಿಯೂರಿ ಕೂತು ಮುಂದಿನ ಚಕ್ರದ ಸಂದಿನಲ್ಲಿ ಬೆರಳಾಡಿಸಿ ಮೂಸಿ ನೋಡಿದರು. ಅಷ್ಟರಲ್ಲಿ ಗುಂಪಿನ ಯಾರೋ ತೆಗೆದ ವಿಡಿಯೊ ಎಲ್ಲರ ಫೋನಿಗೂ ಹೋಗಿ, 'ಮೇಡಮ್ ಬ್ರೇಕ್ ಎಲ್ಲಿದೆ ಅಂತ ಹುಡುಕ್ತಿದ್ದಾರೆ' ಎಂಬ ನಗೆಯೊಂದಿಗೆ ನನ್ನ ಸಂಪಾದಕರನ್ನೂ ಮುಟ್ಟಿತ್ತು. ಅವರು ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದರು: ತಪ್ಪು ಕಾರಿನದೋ ನಿನ್ನದೋ? ನಿನ್ನದಾದರೆ ಇನ್ನು ಟ್ರ್ಯಾಕಿನ ಆಸೆ ಬಿಡು. ಮಾಮ ಫೋನು ಕಸಿದುಕೊಂಡು ತಮ್ಮ ಹಿಂದಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ಲಡ್ಕೀ ಕೀ ಗಲ್ತೀ ನಹೀಂ ಸಾಬ್. ತುಕ್ಕು, ಜಂಗ್, ವೋ ದೇಖಾ ತೋ ತೇಲ್ ಮೈನೇ ಲಗಾಯಾ" ಎಂದರು. ತಪ್ಪು ಹುಡುಗಿಯದಲ್ಲ, ತುಕ್ಕು ಕಂಡು ಎಣ್ಣೆ ಹಚ್ಚಿದ್ದು ತಾನು ಎಂದು.

ಬಿಲ್ಡರೊಬ್ಬ, "ಅಂಕಲ್‌ಜಿ, ಬ್ರೇಕ್ ಪೇ ತೇಲ್?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಮಾಮನೂ ನಕ್ಕರು.

ಸಂಜೆ ರೋಹಿಣಿಗೆ ಬಂದರೆ ಹೋಟೆಲಿನ ದೋಸೆ ಭಟ್ಟರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮಾಮನ ಜೊತೆಯಲ್ಲೇ ಮುದುಕರಾದವರು, ಕಾವಲಿಗೆ ಒಂದು ದಿನ ತುಕ್ಕು ಬರಲು ಬಿಟ್ಟವರಲ್ಲ. "ತುಕ್ಕು ಹೋಯ್ತಾ ಯಜಮಾನ್ರೆ? ಅಷ್ಟು ಒಳ್ಳೆ ಕಾರಿಗೆ ತುಕ್ಕು ಕಂಡು ಮನಸ್ಸು ತಡೀಲಿಲ್ಲ. ಬಟ್ಟೆ ಸುತ್ತಿದ ಸೌಟಲ್ಲಿ ಒಳಗಿನವರೆಗೂ ಎಣ್ಣೆ ಹಚ್ಚಿದೆ. ಹಿಂದಿನದಕ್ಕೆ ಹಚ್ಚುವಾಗ ಗಿರಾಕಿ ಬಂದ್ರು" ಎಂದರು. ನಾನು ಬಾಯಿ ತೆರೆದೆ. ಮಾಮ ನನ್ನ ರಟ್ಟೆ ಹಿಡಿದು, "ಚೊಕ್ಕ ಆಗಿದೆ ಭಟ್ರೆ. ಹೋಗಿ, ಕಾವಲಿ ಸೀಯ್ತಾ ಉಂಟು" ಎಂದು ಅವರನ್ನು ಒಳಗೆ ಕಳಿಸಿದರು.

ನೆಲಮಾಳಿಗೆಯಲ್ಲಿ ನಾನು ಅವರ ಮೇಲೆ ಹರಿಹಾಯ್ದೆ. "ಸುಳ್ಳು ಯಾಕೆ ಹೇಳಿದ್ರಿ? ಎಣ್ಣೆ ಹಚ್ಚಿದ್ದು ಭಟ್ರು. ಹಾಗೇ ಬರೀತೀನಿ."

"ಬರೀಬೇಡ. ಕಬ್ಬಿಣಕ್ಕೆ ತುಕ್ಕು ಬಂದ್ರೆ ಎಣ್ಣೆ ಹಚ್ಚು ಅಂತ ಅವ್ರಿಗೆ ಕಲಿಸಿದ್ದು ನಾನು. ಬ್ರೇಕಿಗೆ ಹಚ್ಚಬಾರದು ಅಂತ ಕಲಿಸಿದ್ದೇನಾ? ಇಲ್ಲ. ಹಾಗಾದ್ರೆ ಯಾರದ್ದು ತಪ್ಪು?"

"ನಿಮ್ಮನ್ನು ನೋಡಿ ನಗ್ತಾರೆ ಮಾಮ."

"ನಗಾಡ್ಲಿ. ಭಟ್ರು ಆ ನಗು ತಡ್ಕೊಳ್ಳುದಿಲ್ಲ. ನಾಳೆಯೇ ಗಂಟುಮೂಟೆ ಕಟ್ತಾರೆ."

ಬ್ರೇಕ್ ಒತ್ತಿ ನೋಡಿದೆಯಾ ಎಂದು ಅವರು ಕೇಳಲಿಲ್ಲ. ಒತ್ತಿದ್ದರೆ ಪಿಟ್ಟಿನಲ್ಲೇ ಗೊತ್ತಾಗುತ್ತಿತ್ತು, ಬಂಪರೂ ಉಳಿಯುತ್ತಿತ್ತು, ಮಾಮನ ಮರ್ಯಾದೆಯೂ ಉಳಿಯುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ.

ಹೊಸ ಪ್ಯಾಡು ಹಾಕಿಸಿ ಮುಂದಿನ ವಾರ ಹೋಲಿಕೆ ಮುಗಿಸಿದೆವು. ಟ್ರ್ಯಾಕಿಗೆ ಜರ್ಮನಿಯದೇ ಮೇಲೆಂದು ಬರೆದೆ. ಜೊತೆಗೆ ಅಪಘಾತದ ಬಗ್ಗೆ ಒಂದು ಪ್ಯಾರಾ. ತಪ್ಪಿತಸ್ಥರು ಇನ್ನೊಬ್ಬರ ಮೇಲೆ ಜೋರು ಮಾಡುತ್ತಾರಲ್ಲ, ಹಾಗೆ ಅದರಲ್ಲಿ ಒಂದು ಕುಹಕದ ಸಾಲು ಸೇರಿಸಿದೆ: ಕೆಲವರು ಬ್ರೇಕನ್ನೂ ದೋಸೆಯ ಹಾಗೆ ಎಣ್ಣೆ ಬಿಟ್ಟು ಬೇಯಿಸುತ್ತಾರೆ ಎಂದು. ಜನಕ್ಕೆ ಅದು ಬಹಳ ಹಿಡಿಸಿತು. ಗುಂಪಿನಲ್ಲಿ ಮಾಮನಿಗೆ 'ದೋಸಾ ಬ್ರೇಕ್' ಎಂಬ ಹೆಸರೇ ಬಿತ್ತು. ಹೊಸ ಕಾರು ತಂದವರು ಅವರ ಹತ್ತಿರ ಬರುವುದು ಕಡಿಮೆಯಾಯಿತು. ಬಂದವರೂ ಎಣ್ಣೆಯ ಮಾತೆತ್ತಿ ನಗುವುದಕ್ಕೇ ಬಂದರು. ನನಗೆ ಮಾತ್ರ ಟ್ರ್ಯಾಕು ಕಾಯಂ ಆಯಿತು. ಮಾಮ ಆ ಲೇಖನವನ್ನು ಮಗಳಿಂದ ಓದಿಸಿ ಕೇಳಿ, "ಚಂದ ಬರ್ದಿದ್ದಿ. ನಂಗೂ ನಗು ಬಂತು" ಎಂದರು. ಆಮೇಲೆ ಜರ್ಮನಿಯದನ್ನು ಮಾರಿ ಇಟಲಿಯದನ್ನು ಇಟ್ಟುಕೊಂಡರು. ಯಾಕೆಂದು ಕೇಳಿದ್ದಕ್ಕೆ, "ಅದು ಯಾರು ಓಡಿಸಿದ್ರೂ ಅಷ್ಟೇ ಚಂದ ಓಡ್ತದೆ, ಅದಕ್ಕೆ ನಾನು ಬೇಕೂಂತಿಲ್ಲ. ಇದನ್ನು ನಾನಲ್ದೆ ಯಾರು ಸಾಕ್ತಾರೆ?" ಎಂದರು.

ಕಳೆದ ಚಳಿಗಾಲ, ಹೊಗೆ ಕವಿದ ವಾರಗಳಲ್ಲಿ, ಅವರ ಶ್ವಾಸಕೋಶ ಸೋತಿತು. ಆಸ್ಪತ್ರೆಗೆ ನಾನು ಎರಡು ಸಲ ಹೋದೆ. ಎರಡು ಸಲವೂ ಬ್ರೇಕಿನ ಮಾತೊಂದನ್ನು ಬಿಟ್ಟು ಬೇರೆಲ್ಲ ಮಾತಾಡಿ ಎದ್ದು ಬಂದೆ. ಮೂರನೇ ಸಲಕ್ಕೆ ಅವರಿರಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿಸಿ ಹೊರಡುವಾಗ ದೋಸೆ ಭಟ್ಟರು ನನ್ನನ್ನು ಹಿತ್ತಿಲ ಬಾಗಿಲಿಗೆ ಕರೆದರು.

"ಎಣ್ಣೆ ಹಚ್ಚಿದ್ದು ನಾನು ಅಂತ ಬರೀರಿ ಅಮ್ಮ" ಎಂದರು. "ತಿಂಗಳೊಳಗೇ ನಂಗೆ ಗೊತ್ತಾಯ್ತು. ಗಲ್ಲಾಪೆಟ್ಟಿಗೆ ಹತ್ರ ಕೂತ ಯಜಮಾನ್ರನ್ನು ಗಿರಾಕಿಯೊಬ್ಬ ತಮಾಷೆ ಮಾಡಿದ. ಹೋಗಿ ಕಾಲು ಹಿಡ್ದೆ. ನೀವು ಹಚ್ಚಿದ್ದರ ಮೇಲೆ ನಾನೂ ಒಂದು ಕೈ ಎಣ್ಣೆ ಹಚ್ಚಿದ್ದೇನೆ ಭಟ್ರೆ ಅಂತ ಹೇಳಿದ್ರು. ಸುಳ್ಳು ಹೇಳ್ಲಿಕ್ಕೂ ಬರುದಿಲ್ಲ ಅವ್ರಿಗೆ. ಈಗ ಅವರಿಲ್ಲ, ನನ್ನನ್ನು ತಡೀಲಿಕ್ಕೆ ಯಾರೂ ಇಲ್ಲ. ನನ್ನ ತಪ್ಪು ನಂಗೆ ಕೊಡಿ."

"ನಿಮ್ಮೊಬ್ಬರದ್ದೇ ಅಲ್ಲ ಭಟ್ರೆ" ಎಂದೆ.

ಭಟ್ಟರು ನೆಲ ನೋಡಿದರು. "ನಂಗೆ ಗೊತ್ತುಂಟು. ಬ್ರೇಕ್ ಒತ್ತಿದ್ರೆ ಹತ್ತುವ ಹಿಂದಿನ ಲೈಟು ನೀವು ಹೊರಡುವಾಗ ಹತ್ಲಿಲ್ಲಂತೆ. ಯಜಮಾನ್ರು ಗೋಡೆ ಹತ್ರ ನಿಂತು ನೋಡ್ತಾ ಇದ್ರಂತೆ. ಆ ಹುಡುಗಿಗೆ ಈ ಮಾತು ಹೇಳ್ಬೇಡಿ ಭಟ್ರೆ, ಮತ್ತೆ ಗಾಡಿ ಮುಟ್ಟುದಿಲ್ಲ ಅವಳು ಅಂದ್ರು."

ಮೆಟ್ರೋ ಹತ್ತಲಾಗಲಿಲ್ಲ. ರೋಹಿಣಿಯಲ್ಲಿ ಒಂದು ಸೆಕ್ಟರಿನಿಂದ ಇನ್ನೊಂದಕ್ಕೆ ಸುಮ್ಮನೆ ನಡೆದೆ. ಎಣ್ಣೆ ಹಚ್ಚಿದ್ದು ದೋಸೆ ಭಟ್ಟರು, ಅರಿಯದೆ. ಬ್ರೇಕ್ ಒತ್ತಿ ನೋಡದೆ ಹೊರಟದ್ದು ನಾನು, ಅರಿತೂ. ಹೋಟೆಲ್ ಮಾಮ ಮಾಡಿದ್ದು ಏನೂ ಇಲ್ಲ. ಅವರನ್ನು ನೋಡಿ ನಕ್ಕವರು ಇದನ್ನು ಓದಲಿ. ಇನ್ನೊಂದು ಸಂಗತಿ ಆ ಲೇಖನದಲ್ಲಿ ನಾನು ಬರೆದಿರಲಿಲ್ಲ. ಮುಂದಿನ ವಾರ ಮತ್ತೆ ಟ್ರ್ಯಾಕಿಗೆ ಹೋದಾಗ ನಿಂತ ಕಾರಿನಲ್ಲೇ ಮತ್ತೆ ಮತ್ತೆ ಬ್ರೇಕ್ ಒತ್ತುತ್ತ, ಹೊರಡಲಾರದೆ ಕೂತಿದ್ದೆ. ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಆ ಮನುಷ್ಯ ಹೊಟ್ಟೆಯನ್ನು ಒಳಗೆಳೆದುಕೊಂಡು ನನ್ನ ಪಕ್ಕದ ಸೀಟಿಗೆ ಇಳಿದು, ಬೆಲ್ಟ್ ಬಿಗಿದುಕೊಂಡು, "ಹೋಗುವ" ಎಂದಿದ್ದರು. ಹತ್ತು ಸುತ್ತೂ ಕೂತಿದ್ದರು.