"ಅಲ್ಲಿ ನಿಮಗೆ ಕಾರುಂಟಾ?"

ನನ್ನನ್ನು ನೋಡಲು ಬಂದ ದಿನ ಅಪ್ಪ ಹುಡುಗನಿಗೆ ಕೇಳಿದ್ದು ಒಂದೇ ಪ್ರಶ್ನೆ. ಸಂಬಳ ಕೇಳಲಿಲ್ಲ, ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂದು ಕೇಳಲಿಲ್ಲ, ಲೀಡ್ಸ್ ಎನ್ನುವ ಊರು ಇಂಗ್ಲೆಂಡಿನಲ್ಲಿ ಎಲ್ಲಿ ಬರುತ್ತದೆ ಎಂದೂ ಕೇಳಲಿಲ್ಲ. ತಟ್ಟೆಯಲ್ಲಿದ್ದ ಗೋಳಿಬಜೆ ಮುಗಿಯುವವರೆಗೆ ಸುಮ್ಮನೆ ಕೂತಿದ್ದು, ಕೈ ಒರೆಸಿಕೊಂಡು, "ಅಲ್ಲಿ ನಿಮಗೆ ಕಾರುಂಟಾ?" ಎಂದರು.

"ಇದೆ," ಎಂದರು ಇವರು. ಬೆಂಗಳೂರಿನಲ್ಲಿ ಬೆಳೆದವರಾದ್ದರಿಂದ ನಮ್ಮ 'ಉಂಟು' ಇವರ ಬಾಯಿಗೆ ಆಗ ಇನ್ನೂ ಹತ್ತಿರಲಿಲ್ಲ.

ಇವರ ಸೋದರತ್ತೆ ಪಕ್ಕದವರತ್ತ ತಿರುಗಿ ಸಣ್ಣಗೆ ನಕ್ಕದ್ದು ನನಗೆ ಕಾಣಿಸಿತು. ಮೂವತ್ತೆರಡು ವರ್ಷ ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು ಓಡಿಸಿದ ಮನುಷ್ಯನಿಗೆ ಅಳಿಯನ ಕಾರಿನ ಮೇಲೆ ಕಣ್ಣು ಎನ್ನುವುದು ಆ ನಗುವಿನ ಅರ್ಥ. ನನಗೆ ಕಿವಿ ಬಿಸಿಯಾಯಿತು. ನಕ್ಕ ಅತ್ತೆಗಿಂತ ಹೆಚ್ಚು ಸಿಟ್ಟು ಬಂದದ್ದು ಅಪ್ಪನ ಮೇಲೆ. ಎಂ.ಕಾಂ. ಮಾಡಿದ ಮಗಳನ್ನು ಕೊಡುವಾಗ ಕೇಳಲು ಬೇರೆ ಏನೂ ಸಿಗಲಿಲ್ಲವೇ ಎಂದು ಎರಡು ವರ್ಷ ಮನಸ್ಸಿನಲ್ಲೇ ಬೈದುಕೊಂಡೆ.

ಮದುವೆಯಾಗಿ ಲೀಡ್ಸಿಗೆ ಬಂದಾಗ ಕಾರು ಇದ್ದದ್ದು ನಿಜ. ಮನೆಯ ಮುಂದೆ ನಿಂತಿತ್ತು. ಕಿಟಕಿಯ ರಬ್ಬರಿನ ಉದ್ದಕ್ಕೂ ಹಸಿರು ಪಾಚಿ ಬೆಳೆದಿತ್ತು, ಕನ್ನಡಿಗೆ ಜೇಡ ಬಲೆ ಕಟ್ಟಿತ್ತು. ಇದ್ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಇವರು ಎರಡು ದಿನ ಏನೇನೋ ಹೇಳಿ, ಮೂರನೆಯ ದಿನ ಚಹಾದ ಜೊತೆಗೆ ಸತ್ಯವನ್ನೂ ಕೊಟ್ಟರು. ಊರಿಗೆ ವಾಪಸು ಹೋಗುತ್ತಿದ್ದ ಗೆಳೆಯನೊಬ್ಬನಿಂದ ಕಾರು ಕೊಂಡಿದ್ದರು. ಕಾರು ಬಂದರೆ ಓಡಿಸುವುದೂ ತಾನಾಗಿ ಬರುತ್ತದೆ ಎಂದು ನಂಬಿದ್ದರು. ಬರಲಿಲ್ಲ. ಅಷ್ಟರಲ್ಲೇ ಎರಡು ಸಲ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗಿದ್ದರು.

ನನ್ನ ಬಳಿ ಊರಿನ ಲೈಸೆನ್ಸ್ ಇತ್ತು, ಕಾರು ಇರಲಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ನಮ್ಮ ಮದುವೆಯಿಂದಾಗಿ ಸುಳ್ಳಾಯಿತು. ಊರಿನ ಲೈಸೆನ್ಸಿನಲ್ಲಿ ಇಲ್ಲಿ ಒಂದು ವರ್ಷ ಓಡಿಸಬಹುದು ಎಂದು ತಿಳಿದ ದಿನವೇ ಹಳೆಯ ಹಲ್ಲುಜ್ಜುವ ಬ್ರಶ್ ತಂದು ಪಾಚಿ ತಿಕ್ಕಿ ತೆಗೆದೆ. ಡ್ರೈವರ್ ಸೀಟನ್ನು ನನ್ನ ಐದಡಿಗೆ ಸರಿಯಾಗಿ ಮುಂದಕ್ಕೆ ಎಳೆದುಕೊಂಡೆ. ಅಂದಿನಿಂದ ಇವರು ಎಡಗಡೆ, ನಾನು ಬಲಗಡೆ.

ವರ್ಷ ತುಂಬುವುದರೊಳಗೆ ನಾನೂ ಇಲ್ಲಿನ ಟೆಸ್ಟ್ ಪಾಸಾಗಬೇಕಿತ್ತು. ನನಗೇನು ಭಯ? ಹದಿನೆಂಟು ತುಂಬಿದ ವಾರವೇ ಅಪ್ಪ ಬಸ್ಸಿನ ಮಾಲೀಕರ ಹಳೆಯ ವ್ಯಾನ್ ಕೇಳಿ ತಂದು, ಶಾಲೆಯ ಮೈದಾನದಲ್ಲಿ ಕಲಿಸಿದ್ದರು. ತಿರುವು ಬಂದರೆ ಹಾರನ್, ನಾಲ್ಕು ದಾರಿ ಸೇರುವಲ್ಲಿ ಮೊದಲು ಮೂಗು ತೂರಿಸಿದವನದ್ದೇ ರಸ್ತೆ. ಈ ಎರಡು ಪಾಠಗಳನ್ನೂ ನಾನು ಲೀಡ್ಸಿನ ಪರೀಕ್ಷಕರಿಗೆ ಶ್ರದ್ಧೆಯಿಂದ ಒಪ್ಪಿಸಿದೆ. ತಿರುವಿನಲ್ಲಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಅಜ್ಜಿ ನನ್ನ ಹಾರನ್ನಿಗೆ ಬೆಚ್ಚಿಬಿದ್ದರು. ಇಲ್ಲಿ ರೌಂಡಬೌಟ್ ಎಂದು ಕರೆಯುವ ಸರ್ಕಲ್ಲಿನಲ್ಲಿ ಮೂಗು ತೂರಿಸಿದಾಗ ಪರೀಕ್ಷಕರು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ತಮ್ಮ ಕಡೆಗೂ ಇದ್ದ ಬ್ರೇಕ್ ಒತ್ತಿ, ಬಹಳ ಮರ್ಯಾದೆಯಿಂದ ಏನೋ ಬರೆದುಕೊಂಡರು. ಎರಡನೆಯ ಸಲ ನಲವತ್ತು ನಿಮಿಷದ ಮಟ್ಟಿಗೆ ಅಪ್ಪನನ್ನು ಮರೆತು ಓಡಿಸಿದೆ, ಪಾಸಾದೆ.

ಇವರದ್ದು ಇದಕ್ಕೆ ತದ್ವಿರುದ್ಧ. ರೌಂಡಬೌಟ್ ಬಂದರೆ ಇಡೀ ಯಾರ್ಕ್‌ಶೈರಿನಲ್ಲಿ ಒಂದೂ ಗಾಡಿ ಇಲ್ಲವೆಂದು ಖಾತ್ರಿಯಾಗುವವರೆಗೆ ಕಾಯುತ್ತಾರೆ. ಹಾಗೆ ಕಾಯುವುದೂ ಇಲ್ಲಿ ತಪ್ಪೇ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಕಲಿತು ಕೊಟ್ಟ ಮೂರನೆಯ ಟೆಸ್ಟೂ ಹೋಯಿತು, ನಾಲ್ಕನೆಯದೂ ಹೋಯಿತು. ನಾನು ಬೇಕಾದಷ್ಟು ತಮಾಷೆ ಮಾಡಿದೆ, ಇವರೂ ನಕ್ಕರು. ಒಂದೇ ಒಂದು ವಿಷಯಕ್ಕೆ ಮಾತ್ರ ಇವರ ಮುಖ ಸಣ್ಣದಾಗುತ್ತಿತ್ತು. ಮಾವನಿಗೆ ಹೇಳಬೇಡ ಎನ್ನುತ್ತಿದ್ದರು. ಮೂವತ್ತೆರಡು ವರ್ಷದಲ್ಲಿ ಒಂದೂ ಅಪಘಾತ ಮಾಡದ ಡ್ರೈವರ್ ಮುಂದೆ ಕಾರಿದೆ ಎಂದು ಹೇಳಿ ಹೆಣ್ಣು ತಂದವನು ನಾನು, ಗೊತ್ತಾದರೆ ಏನೆಂದುಕೊಂಡಾರು ಎನ್ನುವುದು ಇವರ ಸಂಕಟ. ನನಗೂ ಅದು ಬೇಕಿರಲಿಲ್ಲ. ಅಪ್ಪನ ಕಣ್ಣಲ್ಲಿ ಇವರು ಸಣ್ಣವರಾಗುವುದನ್ನು ನೋಡಲು ನನ್ನಿಂದಾಗದು ಎಂದು ಆಗಲೇ ಗೊತ್ತಾಗಿತ್ತು. ಎರಡು ಸಲ ಕಂಡು ಮದುವೆಯಾದ ಗಂಡ ಅಷ್ಟರಲ್ಲೇ ಅಷ್ಟು ಹತ್ತಿರದವರಾಗಿದ್ದರು.

ಅಪ್ಪನೋ, ಪ್ರತಿ ಭಾನುವಾರ ಫೋನಿನಲ್ಲಿ ಅಳಿಯನ ವಿಷಯಕ್ಕಿಂತ ಮೊದಲು "ಗಾಡಿ ಹೇಗುಂಟು?" ಎಂದು ಕೇಳುತ್ತಿದ್ದರು. ಒಳ್ಳೆದುಂಟು ಎಂದು ಚುಟುಕಾಗಿ ಹೇಳಿ ನಾನು ಮಾತು ಬದಲಾಯಿಸುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಅಪ್ಪ ಅಮ್ಮ ಆರು ವಾರಕ್ಕೆಂದು ಬಂದರು. ಅವರು ಬರುವ ಹಿಂದಿನ ವಾರ ಇವರ ಐದನೆಯ ಟೆಸ್ಟ್ ಇತ್ತು. ಪಾಸಾಗಿದ್ದರೆ ಸುಳ್ಳು ಹೇಳುವ ಪ್ರಮೇಯವೇ ಇರಲಿಲ್ಲ. ಆಗಲಿಲ್ಲ. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಇವರದ್ದು, ಹಾಗಾಗಿ ಪಾಳಿಯ ನೆಪ ಹೇಳಿ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣಕ್ಕೆ ನಾನೊಬ್ಬಳೇ ಕಾರು ತೆಗೆದುಕೊಂಡು ಹೋದೆ. ಮೊದಲ ವಾರವೆಲ್ಲ ಊರು ನೋಡಲು ಬಸ್ಸೇ ಚೆಂದ ಎಂದು ಬಸ್ಸಿನಲ್ಲೇ ಸುತ್ತಾಡಿಸಿದೆವು. ಅಪ್ಪನಿಗೆ ಡಬಲ್ ಡೆಕ್ಕರಿನ ಮೇಲಿನ ಮುಂದಿನ ಸೀಟು ಸಿಕ್ಕರೆ ಸಾಕು, ಹೆಡಿಂಗ್ಲೀ ಕಡೆಗೆ ಕೆಲಸವಿಲ್ಲದಿದ್ದರೂ ಹೋಗಿ ಬರುತ್ತಿದ್ದರು.

ಶನಿವಾರ ಟಿವಿಡೇಲಿನ ತಿಮ್ಮಪ್ಪನ ಗುಡಿಗೆ ಹೋಗಬೇಕೆಂದು ಅಮ್ಮ ಹೇಳಿದಾಗ ಬಸ್ಸಿನ ಮಾತು ನಡೆಯಲಿಲ್ಲ. ಕಾರಿನಲ್ಲಿ ಎರಡು ಗಂಟೆಗೂ ಹೆಚ್ಚಿನ ದಾರಿ. ಬೆಳಿಗ್ಗೆ ಎದ್ದು ನೋಡಿದರೆ ಇವರು ಬಲಗೈ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಳ್ಳುತ್ತಿದ್ದರು. ಉಳುಕಿದೆ ಎಂದು ಹೇಳು ಎಂದರು. ಇದು ಮಕ್ಕಳಾಟ ಎಂದು ಗೊಣಗುತ್ತಲೇ ಪಿನ್ನು ಹಾಕಿಕೊಟ್ಟವಳೂ ನಾನೇ.

ನಾವು ಹೊರಗೆ ಬರುವಷ್ಟರಲ್ಲಿ ಅಪ್ಪ ಕೀಲಿ ತೆಗೆದುಕೊಂಡು ಹೋಗಿ ಕಾರಿನ ಸುತ್ತ ಒಂದು ಸುತ್ತು ಹಾಕಿದ್ದರು. ಮೊದಲ ಟ್ರಿಪ್ಪಿಗೆ ಮುಂಚೆ ಬಸ್ಸಿಗೂ ಹೀಗೇ ಸುತ್ತು ಹಾಕಿ, ಟಯರಿಗೆ ಕಾಲಿನಿಂದ ತಟ್ಟಿ ನೋಡುವುದು ಅವರ ಅಭ್ಯಾಸ. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತರು. ಮೊಣಕಾಲು ಸ್ಟೀರಿಂಗಿಗೆ ತಾಗಿತು. ಕೆಳಗಿನ ಲೀವರ್ ಎತ್ತಿ ಸೀಟನ್ನು ಹಿಂದಕ್ಕೆ ತಳ್ಳಿದರು, ಅದು ಅಲ್ಲಾಡಲಿಲ್ಲ. ಇನ್ನೊಮ್ಮೆ ತಳ್ಳಿದರು. ಎರಡು ವರ್ಷ ಒಂದೇ ಜಾಗದಲ್ಲಿದ್ದ ಸೀಟು ಅಲ್ಲೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಪ್ಪ ಇವರ ಆರಡಿ ದೇಹವನ್ನು ಕಾಲಿನಿಂದ ತಲೆಯವರೆಗೆ ನೋಡಿದರು, ಬ್ಯಾಂಡೇಜನ್ನೂ ನೋಡಿದರು.

"ಈ ಸೀಟಿನಲ್ಲಿ ಒಬ್ಬರೇ ಕೂತದ್ದು," ಎಂದರು.

ಇವರು ಅಲ್ಲೇ ನಿಂತು ಬ್ಯಾಂಡೇಜ್ ಬಿಚ್ಚಿದರು. "ಮಾವ, ನನಗೆ ಲೈಸೆನ್ಸ್ ಇಲ್ಲ. ಐದು ಸಲ ಫೇಲಾದೆ. ಅವತ್ತು ಕಾರಿದೆ ಅಂದಿದ್ದು ಸುಳ್ಳಲ್ಲ. ಆದ್ರೆ ಓಡಿಸೋಕೆ ಬರಲ್ಲ ಅಂತ ಹೇಳಲಿಲ್ಲ."

ಅಪ್ಪ ಹ್ಞೂಂ ಎಂದಷ್ಟೇ ಹೇಳಿ, ಹೊತ್ತಾಯಿತು ಹೊರಡುವ ಎಂದು ಇಳಿದು ನನ್ನ ಪಕ್ಕದ ಸೀಟಿಗೆ ಬಂದರು. ಇವರು ಅಮ್ಮನ ಜೊತೆ ಹಿಂದೆ ಕೂತರು. ಮೋಟರ್‌ವೇ ಉದ್ದಕ್ಕೂ ಅಪ್ಪ ಮಾತಾಡಲಿಲ್ಲ. ಅವರ ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ಆಗಾಗ ಒತ್ತುತ್ತಿತ್ತು. ಅಮ್ಮ ಒಂದಾದ ಮೇಲೊಂದು ಚಕ್ಕುಲಿ ಕೊಡುತ್ತಿದ್ದರು, ಇವರು ಬೇಡ ಎನ್ನಲೂ ಧೈರ್ಯವಿಲ್ಲದೆ ತಿನ್ನುತ್ತಿದ್ದರು. ಟಿವಿಡೇಲ್ ಹತ್ತಿರದ ಒಂದು ರೌಂಡಬೌಟಿನಲ್ಲಿ ಅಪ್ಪ ಏನೆಂದುಕೊಂಡರೋ ಎಂಬ ಗಡಿಬಿಡಿಯಲ್ಲಿ ನನ್ನ ಹಳೆಯ ಚಾಳಿ ಮರಳಿ ಬಂದು ಮೂಗು ತೂರಿಸಲು ಹೊರಟೆ. ನಿಲ್ಲು, ಬಲದಿಂದ ಬರುವವರದ್ದು ಮೊದಲು ಎಂದರು ಅಪ್ಪ. ಒಂದು ವಾರ ಬಸ್ಸಿನ ಮೇಲೆ ಕೂತು ಕಲಿತದ್ದು ಅದು.

ದರ್ಶನವಾದ ಮೇಲೆ, ಇಷ್ಟು ದೂರ ಬಂದಿದ್ದೇವಲ್ಲ, ಕಾರಿಗೂ ಒಂದು ಪೂಜೆ ಆಗಲಿ ಎಂದರು ಅಮ್ಮ. ಕನ್ನಡ ಬಲ್ಲ ಅರ್ಚಕರೊಬ್ಬರು ಬಾನೆಟ್ಟಿಗೆ ಕುಂಕುಮ ಹಚ್ಚಿ, ನಾಲ್ಕೂ ಚಕ್ರಗಳಡಿ ನಿಂಬೆಹಣ್ಣು ಇಟ್ಟು, ಕೀಲಿಗೆ ಹೂವು ಮುಟ್ಟಿಸಿ ಇವರತ್ತ ಚಾಚಿದರು. ಯಜಮಾನರು ಕೂತು ಗಾಡಿಯನ್ನು ಮುಂದಕ್ಕೆ ತೆಗೆಯಬೇಕು ಎಂದರು. ಸುತ್ತ ಹತ್ತು ಹದಿನೈದು ಜನ ನಿಂತಿದ್ದರು. ಕೈ ಉಳುಕಿದೆ ಎನ್ನಲು ಇನ್ನೂ ಅವಕಾಶವಿತ್ತು.

"ಓಡಿಸೋದು ಇವಳು, ಸ್ವಾಮಿ. ನನಗೆ ಬರಲ್ಲ," ಎಂದರು ಇವರು, ಎಲ್ಲರಿಗೂ ಕೇಳುವಂತೆ. ಹೂವಿನ ಸಮೇತ ಕೀಲಿಯನ್ನು ನನ್ನ ಕೈಯಲ್ಲಿಟ್ಟರು.

ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಅಂದು ಸೋದರತ್ತೆ ನಕ್ಕಂಥದ್ದೇ ನಗು. ಈ ಸಲ ನನ್ನ ಕಿವಿ ಬಿಸಿಯಾಗಲಿಲ್ಲ. ನಾನು ಹತ್ತಿ ಕೂತೆ, ಗಾಡಿ ಮುಂದೆ ಹೋಯಿತು, ನಿಂಬೆಹಣ್ಣುಗಳು ಪಟಪಟನೆ ಒಡೆದವು.

ನಾನು ಇಳಿದು ಬರುವಾಗ ಅಪ್ಪ ಇವರ ಹೆಗಲ ಮೇಲೆ ಕೈಯಿಟ್ಟು ನಗುತ್ತಿದ್ದರು. "ನಿಮಗಿಂತ ಮೊದಲು ಒಂದು ಸಂಬಂಧ ಬಂದಿತ್ತು. ದೊಡ್ಡ ಜನ. ನಮ್ಮಲ್ಲಿ ಡ್ರೈವರ್ ಉಂಟು, ಹೆಂಗಸರಿಗೆ ಓಡಿಸುವ ಕರ್ಮ ಯಾಕೆ ಅಂದ್ರು. ಇವಳಿಗೆ ಗೊತ್ತೇ ಆಗದ ಹಾಗೆ ಬೇಡ ಅಂತ ಹೇಳಿ ಕಳಿಸಿದೆ. ನನ್ನ ಹತ್ರ ಇದ್ದದ್ದು ಒಂದೇ ವಿದ್ಯೆ ಮಾರಾಯ್ರೆ, ಅದನ್ನು ಇವಳಿಗೆ ಕೊಟ್ಟಿದ್ದೆ. ಅಷ್ಟು ದೂರ ಹೋಗಿ ಅದು ಸುಮ್ಮನೆ ಕೂರಬಾರದಲ್ಲ? ಅದಕ್ಕೇ ಕಾರುಂಟಾ ಅಂತ ಕೇಳಿದ್ದು. ನಿಮಗೆ ಓಡಿಸಲಿಕ್ಕೆ ಬರ್ತದಾ ಅಂತ ನಾನು ಕೇಳಲೇ ಇಲ್ಲವಲ್ಲ."

ದಾರಿಯುದ್ದಕ್ಕೂ ಯಾಕೆ ಸುಮ್ಮನಿದ್ದಿರಿ ಎಂದು ಇವರು ಕೇಳಿದರು. ಮಗಳು ಓಡಿಸುವುದನ್ನು ನೋಡುತ್ತಿದ್ದೆ ಎಂದರು ಅಪ್ಪ. ನಾನು ಟಯರಿಗೆ ಅಂಟಿದ ನಿಂಬೆಸಿಪ್ಪೆ ತೆಗೆಯುವ ನೆಪದಲ್ಲಿ ಬಗ್ಗಿದೆ. ಎರಡು ವರ್ಷ ಬೈದುಕೊಂಡದ್ದೆಲ್ಲ ನೆನಪಾಗಿ ಕಣ್ಣು ತುಂಬಿತ್ತು, ನಾಚಿಕೆಯೂ ಆಗಿತ್ತು.

ಇವರ ಆರನೆಯ ಟೆಸ್ಟ್ ಬರುವ ತಿಂಗಳು. ಪಾಸಾದರೆ ಸೀಟಿನ ಹಳಿಗೆ ಎಣ್ಣೆ ಬಿಡಿಸಬೇಕು. ಭಾನುವಾರ ಅಪ್ಪನ ಫೋನ್ ಬರುತ್ತದೆ, ಮೊದಲು ಕೇಳುವುದು ಈಗಲೂ ಗಾಡಿ ಹೇಗುಂಟು ಎಂದೇ. ಒಳ್ಳೆದುಂಟು ಎಂದು ಈಗ ನಾನು ಅಷ್ಟಕ್ಕೇ ಮುಗಿಸುವುದಿಲ್ಲ. ಆ ವಾರ ಎಲ್ಲೆಲ್ಲಿಗೆ ಹೋದೆ, ಮಳೆ ಇತ್ತೇ, ಯಾವ ರೌಂಡಬೌಟಿನಲ್ಲಿ ಎಷ್ಟು ಹೊತ್ತು ನಿಂತೆ ಎಂದು ಒಂದೊಂದಾಗಿ ಹೇಳುತ್ತೇನೆ. ಅಪ್ಪ ಕೇಳುತ್ತಾರೆ.